ಕೊನೆಯ ಪ್ರಶ್ನೆ, ಐದು ಅಂಕ: ಪೋಷಕರಿಗೆ ಒಂದು ಪತ್ರ

ಎಲ್ಲ ಪೋಷಕರಿಗೆ ನಮಸ್ಕಾರ.

ಭಾನುವಾರ ಸಂಜೆ ಟಿವಿಯಲ್ಲಿ ನಮ್ಮ ಮಕ್ಕಳ ಕ್ವಿಜ್ ಬಂತು, ಕೊನೆಯ ಪ್ರಶ್ನೆಯಲ್ಲಿ ಸೋತೆವು. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಆಫೀಸಿನ ಮುಂದೆ 11 ಜನ ಪೋಷಕರು ನಿಂತಿದ್ದರು. ಬಂದ ಫೋನುಗಳ ಲೆಕ್ಕ ಬೇರೆ. ಎಲ್ಲರದೂ ಒಂದೇ ಮಾತು: "ಅನ್ಯಾಯ ಆಗ್ಯಾದ ಸರ್. ನೀವು ಅಲ್ಲೇ ಇದ್ರಿ, ಯಾಕ ಸುಮ್ನ ಕುಂತ್ರಿ?"

ವರಾಂಡದಲ್ಲಿ ನಿಂತು ಒಬ್ಬೊಬ್ಬರಿಗೆ ಉತ್ತರ ಹೇಳುವುದು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಂಡದ ಆಯ್ಕೆಯ ಮಾತು ಮುಗಿಸಿಬಿಡುತ್ತೇನೆ. ಲಿಖಿತ ಪರೀಕ್ಷೆ ಇಟ್ಟಿದ್ದೆವು, ಜಾಸ್ತಿ ಅಂಕ ಬಂದ ಮೂವರು ಹೋದರು. ಉತ್ತರ ಪತ್ರಿಕೆಗಳು ಕಪಾಟಿನಲ್ಲಿವೆ, ಬಂದು ನೋಡಬಹುದು.

ಈಗ ಆ ಕೊನೆಯ ಪ್ರಶ್ನೆ. ಅಲ್ಲಿಯವರೆಗೆ ನಮ್ಮದು 95, ಎದುರು ತಂಡದ್ದೂ 95. ಸರಿ ಉತ್ತರಕ್ಕೆ 10, ಬಜರ್ ಒತ್ತಿ ತಪ್ಪು ಹೇಳಿದರೆ 5 ಕಡಿತ. "ಅಶೋಕನ ಹೆಸರು ಇರುವ, ಕರ್ನಾಟಕದಲ್ಲಿ..." ಅನ್ನುವಷ್ಟಕ್ಕೆ ನಮ್ಮ ಹುಡುಗಿ ಬಜರ್ ಒತ್ತಿದಳು. ನಿಯಮದಂತೆ ಓದುವುದು ಅಲ್ಲಿಗೇ ನಿಂತಿತು. ನಮ್ಮ ಕಲಬುರಗಿ ಜಿಲ್ಲೆಯದೇ ಊರು, "ಸನ್ನತಿ" ಅಂದಳು. ತಪ್ಪು ಅಂದರು. ಪ್ರಶ್ನೆ ಎದುರು ತಂಡಕ್ಕೆ ಹೋಯಿತು, ಅವರಿಗೂ ಗೊತ್ತಿರಲಿಲ್ಲ. 90ಕ್ಕೆ 95. ಮುಗಿಯಿತು. "ಬಾಯಿ ಬಿಟ್ಟವರು ಸೋತರು, ಬಾಯಿ ಮುಚ್ಚಿಕೊಂಡು ಕೂತವರು ಗೆದ್ದರು" ಎಂದು ಒಬ್ಬ ತಂದೆ ಹೇಳಿದರು. ಮಾತು ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೂ ಅದು ಅನ್ಯಾಯ ಅಲ್ಲ.

ಯಾಕೆ ಅಂತ ಹೇಳುತ್ತೇನೆ. ಟಿವಿಯಲ್ಲಿ ನೀವು ನೋಡಿದ್ದು ಅರ್ಧ ಪ್ರಶ್ನೆ ಮಾತ್ರ. ಅವಳು ಉತ್ತರ ಕೊಟ್ಟ ಮೇಲೆ, ಎದುರು ತಂಡಕ್ಕೆ ಕೇಳುವಾಗ, ಪ್ರಶ್ನೆಯನ್ನು ಪೂರ್ತಿ ಓದಿದರು. ಸ್ಟುಡಿಯೋದಲ್ಲಿ ಕೂತು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. "ಅಶೋಕನ ಹೆಸರು ಇರುವ, ಕರ್ನಾಟಕದಲ್ಲಿ 1915ರಲ್ಲಿ ಪತ್ತೆಯಾದ ಶಾಸನ ಯಾವ ಊರಿನದು?" ಆ ಭಾಗ ಎಡಿಟಿಂಗಿನಲ್ಲಿ ಹಾರಿಹೋಗಿದೆ. ಇಡೀ ಜಗಳ ಆ ವರ್ಷದ ಮೇಲೆ ನಿಂತಿದೆ, ಅದೇ ನಿಮಗೆ ಕೇಳಿಸಿಲ್ಲ.

1915ರಲ್ಲಿ ಸಿಕ್ಕಿದ್ದು ಮಸ್ಕಿಯದು. ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಶಾಸನಗಳಲ್ಲಿ ಬರೀ 'ದೇವಾನಂಪ್ರಿಯ', 'ಪ್ರಿಯದರ್ಶಿ' ಅಂತ ರಾಜನ ಬಿರುದು ಇರುತ್ತಿತ್ತು. ಆ ರಾಜನೇ ಅಶೋಕ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಮಸ್ಕಿಯ ಬಂಡೆಯಿಂದ. ಇನ್ನು ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಅಶೋಕನ ಹೆಸರಿದೆ. ಅಂದರೆ ವರ್ಷ ಹೇಳದಿದ್ದರೆ ಆ ಪ್ರಶ್ನೆಗೆ ಮೂರ್ನಾಲ್ಕು ಉತ್ತರ. ವರ್ಷ ಹೇಳಿದರೆ ಒಂದೇ.

ಹಾಗಾದರೆ ಹುಡುಗಿ ದಡ್ಡಿಯೇ? ಖಂಡಿತ ಅಲ್ಲ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೇ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಶಿಲ್ಪ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ', ಅಂದರೆ ರಾಜ ಅಶೋಕ, ಎಂಬ ಬರಹ ಸಿಕ್ಕಿತು. ಇದನ್ನು ನಮ್ಮ ಸಮಾಜ ವಿಜ್ಞಾನದ ಮೇಡಂ ಒಂದು ಇಡೀ ಪಿರಿಯಡ್ ಪಾಠ ಮಾಡಿದ್ದರು, ಅಕ್ಷರಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಈ ಹುಡುಗಿ ಅವತ್ತಿನಿಂದ ತನ್ನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಹೆಸರನ್ನು ಬ್ರಾಹ್ಮಿಯಲ್ಲೇ ಬರೆಯುತ್ತಾಳೆ. ಹೋಮ್‌ವರ್ಕ್ ತಿದ್ದುವಾಗ ಯಾರ ನೋಟ್‌ಬುಕ್ ಅಂತ ಗೊತ್ತಾಗದೆ ಉಳಿದ ಶಿಕ್ಷಕರು ನನ್ನ ಹತ್ತಿರ ದೂರು ತಂದದ್ದೂ ಇದೆ. ಅಂಥ ಹುಡುಗಿಗೆ "ಅಶೋಕನ ಹೆಸರು" ಅಂದ ಕೂಡಲೇ ಏನು ನೆನಪಾಗಬೇಕು ಹೇಳಿ? ಅವಳ ಉತ್ತರದಲ್ಲಿ ತಿಳಿವಳಿಕೆ ಇತ್ತು. ಪ್ರಶ್ನೆ ಮಾತ್ರ ಬೇರೆ ಇತ್ತು.

"ಕಲ್ಯಾಣ ಕರ್ನಾಟಕದವರು ಅಂದರೆ ಅಷ್ಟೇ, ನಮ್ಮ ಸನ್ನತಿಗೆ ಬೆಲೆ ಇಲ್ಲ" ಎಂದು ಗ್ರೂಪಿನಲ್ಲಿ ತುಂಬಾ ಬಂದಿದೆ. ಒಬ್ಬರು ಸಂವಿಧಾನದ 371(ಜೆ) ವಿಧಿಯನ್ನೂ ಎಳೆದು ತಂದಿದ್ದಾರೆ. ಸ್ವಾಮಿ, ಅದು ನಮ್ಮ ಮಕ್ಕಳ ಸೀಟಿಗೆ, ನೌಕರಿಗೆ ಇರುವುದು. ಬಜರ್‌ಗೆ ಅನ್ವಯ ಆಗುವುದಿಲ್ಲ. ಅಲ್ಲದೆ ಮಸ್ಕಿ ಎಲ್ಲಿದೆ? ರಾಯಚೂರು ಜಿಲ್ಲೆಯಲ್ಲಿ. ಅದೂ ನಮ್ಮದೇ ಅಲ್ವಾ?

ಇನ್ನು ನನ್ನ ವಿಷಯ. ನಾನು ಅರ್ಧ ಎದ್ದು ಮತ್ತೆ ಕೂತಿದ್ದನ್ನು ಕ್ಯಾಮೆರಾ ಹಿಡಿದಿದೆ. ಹೆದರಿ ಕೂತರು ಎಂದು ಬರೆದಿದ್ದೀರಿ. "ತಪ್ಪು" ಅಂದಾಗ ನನಗೂ ನಿಮ್ಮಷ್ಟೇ ಸಿಟ್ಟು ಬಂತು, ಎದ್ದೆ. ಅಷ್ಟರಲ್ಲಿ ಪೂರ್ತಿ ಪ್ರಶ್ನೆ ಓದಿದರು. ಕೂತೆ. ಅಷ್ಟೇ ನಡೆದದ್ದು.

ಆದ್ದರಿಂದ ಚಾನೆಲ್‌ಗೆ ತಕರಾರು ಪತ್ರ ಬರೆಯಿರಿ ಎನ್ನುವ ನಿಮ್ಮ ಬೇಡಿಕೆಗೆ ನಾನು ಒಪ್ಪುವುದಿಲ್ಲ. 64 ಜನ ಸಹಿ ಮಾಡಿದ ಅರ್ಜಿ ನನ್ನ ಮೇಜಿನ ಮೇಲಿದೆ. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಪೇರೆಂಟ್ಸ್ ಮೀಟಿಂಗಿಗೆ 20 ಜನ ಬರದ ಶಾಲೆಯಲ್ಲಿ 64 ಸಹಿ ಅಂದರೆ ಸಣ್ಣದಲ್ಲ. ಆದರೆ ತಪ್ಪಿಲ್ಲದ ಕಡೆ ತಪ್ಪು ಹುಡುಕಿ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ. ಪ್ರಶ್ನೆಯನ್ನು ಅರ್ಧಕ್ಕೆ ತೋರಿಸಬಾರದಿತ್ತು, ನೋಡಿದವರಿಗೆ ಗೊಂದಲ ಆಗಿದೆ ಎಂದು ಒಂದು ಸಾಲು ಬರೆಯಬಹುದು, ಬರೆಯುತ್ತೇನೆ. ಫಲಿತಾಂಶ ಬದಲಿಸಿ ಎಂದು ಬರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ತಪ್ಪು ಯಾರದೂ ಅಲ್ಲವೇ ಅಂದರೆ, ನಮ್ಮದು ಇದೆ. ಶಾಲೆಯದು. ಬಜರ್ ತರಲು ದುಡ್ಡು ಯಾಕೆ ಅಂತ ಎರಡು ತಿಂಗಳು ಬಿಸಿಯೂಟದ ಸ್ಟೀಲ್ ತಟ್ಟೆ ಮತ್ತು ಚಮಚದಲ್ಲೇ ಪ್ರಾಕ್ಟೀಸ್ ಮಾಡಿಸಿದೆವು. ಮೊದಲು ತಟ್ಟೆ ಬಾರಿಸಿದವರಿಗೆ ಅವಕಾಶ. ತಪ್ಪಾದರೆ ಅಂಕ ಕಡಿತ ಇರಲಿಲ್ಲ. ತಟ್ಟೆಯ ಸದ್ದು ಬೇಗ ಬಂದಷ್ಟೂ ನಾವೇ "ಶಹಬ್ಬಾಸ್" ಅಂದೆವು, ನಾನೂ ಅಂದಿದ್ದೇನೆ. ಕಾಯುವುದನ್ನು ಕಲಿಸಲೇ ಇಲ್ಲ. 95–95 ಇದ್ದಾಗ ಸುಮ್ನೆ ಕೈಕಟ್ಟಿ ಕೂತರೂ ಟೈ ಆಗಿ ಇನ್ನೊಂದು ಪ್ರಶ್ನೆ ಬರುತ್ತಿತ್ತು ಎನ್ನುವ ಲೆಕ್ಕವನ್ನು ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಬೈಯುವುದಿದ್ದರೆ ಇದಕ್ಕೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಈಗ ವಿಜ್ಞಾನದ ಮಾಸ್ತರು ಸೂಪರ್ ಮಾರ್ಕೆಟ್ಟಿನಿಂದ ಎರಡು ಕಾಲಿಂಗ್ ಬೆಲ್ ಸ್ವಿಚ್, ಎರಡು ಬಲ್ಬ್, ರಿಲೇ ತಂದು ಒಂದು ಬಜರ್ ಮಾಡಿದ್ದಾರೆ. ಮೊದಲು ಒತ್ತಿದವರ ದೀಪ ಮಾತ್ರ ಹತ್ತುತ್ತದೆ, ಇನ್ನೊಂದು ಬಂದ್ ಆಗುತ್ತದೆ. ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಾಕ್ಟೀಸ್, 5 ಅಂಕ ಕಡಿತದ ಸಮೇತ.

ಇನ್ನೊಂದು ವಿಷಯ ಬರೆಯಲು ಕಷ್ಟ ಆಗುತ್ತಿದೆ. ಆ 40 ಸೆಕೆಂಡಿನ ವಿಡಿಯೋ, ಅವಳ ಮುಖವನ್ನು ನಿಧಾನಕ್ಕೆ ತೋರಿಸಿ, ಹಿಂದೆ ಅಳುವ ಸಂಗೀತ ಹಾಕಿದ್ದು. ಅದನ್ನು ಹಂಚಿದವರು ಅವಳ ಪರವಾಗಿ ಅಂತಲೇ ಹಂಚಿದ್ದಾರೆ, ನನಗೆ ಗೊತ್ತು. ಆದರೆ ಸೋಮವಾರದಿಂದ ಅವಳು ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಿಲ್ಲ. ಜಗತ್ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಂತಾಗ ಯಾರೋ ಗುರುತಿಸಿ "ಸನ್ನತಿ" ಎಂದು ಕೂಗಿದರಂತೆ. ಎಂಟನೇ ತರಗತಿಯ ಹುಡುಗಿ. ನಿಮ್ಮ ಮನೆಯಲ್ಲೂ ಆ ವಯಸ್ಸಿನವರು ಇದ್ದಾರೆ.

ದಯವಿಟ್ಟು ಆ ವಿಡಿಯೋವನ್ನು ನಿಮ್ಮ ಸ್ಟೇಟಸ್ಸಿನಿಂದ, ಗ್ರೂಪುಗಳಿಂದ ಇವತ್ತೇ ತೆಗೆಯಿರಿ.

ತಕರಾರು ಪತ್ರದ ಬಗ್ಗೆ ಮತ್ತೆ ಮಾತಾಡಬೇಕು ಅನ್ನುವವರು ಬನ್ನಿ, ಚಹಾ ಕುಡಿಯುತ್ತಾ ಮಾತಾಡೋಣ. ನನ್ನ ಉತ್ತರ ಮೇಲೆ ಬರೆದದ್ದೇ ಇರುತ್ತದೆ, ಅದು ನಿಮಗೆ ಗೊತ್ತಿರಲಿ. ಚಹಾ ಮಾತ್ರ ಚೆನ್ನಾಗಿರುತ್ತದೆ.

ನಿಮ್ಮ,
ಮುಖ್ಯ ಗುರುಗಳು
ಕಲಬುರಗಿ

ವಿ.ಸೂ.: ಕ್ವಿಜ್‌ಗೆ ಬೆಂಗಳೂರಿಗೆ ಹೋಗುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದ ಒಂದು ಸ್ಟೀಲ್ ಡಬ್ಬಿ ನಮ್ಮ ಬ್ಯಾಗಿನಲ್ಲೇ ಉಳಿದಿದೆ. ಮುಚ್ಚಳದ ಮೇಲೆ ಹೆಸರಿಲ್ಲ. ರೊಟ್ಟಿ ರೈಲಿನಲ್ಲೇ ಖಾಲಿ ಆಯಿತು. ಡಬ್ಬಿ ಆಫೀಸಿನಲ್ಲಿದೆ, ಯಾರದ್ದೋ ಅವರು ಬಂದು ಒಯ್ಯಿರಿ.