ಸಹರಾವಿಗಳ ಹಾಡಿಗೆ ಒಪ್ಪಿಗೆ ಕೊಡುವವರು ಯಾರು?

ಮಾನ್ಯ ಸಂಪಾದಕರೇ,

ಪಶ್ಚಿಮ ಸಹಾರಾದ ಸುದ್ದಿ ನಮ್ಮಲ್ಲಿ ಬಂದರೆ ಕದನವಿರಾಮ, ಫಾಸ್ಫೇಟ್ ಗಣಿ, ವಿಶ್ವಸಂಸ್ಥೆಯ ನಿರ್ಣಯ, ಇಷ್ಟಕ್ಕೇ ಮುಗಿಯುತ್ತದೆ. ಆ ನೆಲದ ಸಹರಾವಿ ಜನರ ನುಡಿ, ಹಾಡು, ಡೇರೆ ಏನಾಗುತ್ತಿವೆ ಎಂದು ಯಾರೂ ಕೇಳುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ಯರವ ನುಡಿಗಳ ಬಗ್ಗೆ ಚಿಂತಿಸುವ ಕೊಡಗಿನವರಾದರೂ ಕೇಳಬೇಕು.

1975ರಲ್ಲಿ ಸ್ಪೇನ್ ಕಾಲ್ತೆಗೆಯುತ್ತಿದ್ದಂತೆ ಮೊರಾಕೊ ಒಳಗೆ ಬಂತು. ಅದೇ ಅಕ್ಟೋಬರ್ 16ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಅಲ್ಲಿನ ಕೆಲವು ಬುಡಕಟ್ಟುಗಳಿಗೆ ಸುಲ್ತಾನನ ಜೊತೆ ನಿಷ್ಠೆಯ ನಂಟಿದ್ದರೂ ನೆಲದ ಮೇಲೆ ಮೊರಾಕೊದ ಸಾರ್ವಭೌಮತ್ವ ಅದರಿಂದ ಸಿದ್ಧವಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಇಂದು ಒಂದು ಪಾಲು ಸಹರಾವಿಗಳು ಮೊರಾಕೊ ಆಡಳಿತದಲ್ಲಿ, ಇನ್ನೊಂದು ಪಾಲು ಅಲ್ಜೀರಿಯಾದ ಟಿಂಡೂಫ್ ಬಳಿಯ ಶಿಬಿರಗಳಲ್ಲಿ ಇದ್ದಾರೆ. 2018ರ ವಿಶ್ವಸಂಸ್ಥೆ ಅಂದಾಜಿನಂತೆ ಶಿಬಿರಗಳಲ್ಲಿ 1,73,600 ಜನ. ಲಾಯೂನ್, ಸ್ಮಾರಾ, ಔಸೆರ್ದ್, ದಾಖ್ಲಾ, ಬೋಜ್ದೂರ್ ಎಂದು ಬಿಟ್ಟುಬಂದ ಊರುಗಳ ಹೆಸರನ್ನೇ ಶಿಬಿರಗಳಿಗೆ ಇಟ್ಟುಕೊಂಡಿದ್ದಾರೆ. ಸ್ಮಾರಾ ಶಿಬಿರದಲ್ಲಿ ಹುಟ್ಟಿ ಬೆಳೆದವರು ಸ್ಮಾರಾ ಊರನ್ನು ಕಂಡಿಲ್ಲ.

ಇಬ್ಬರ ನಡುವೆ ಸುಮಾರು 2,700 ಕಿ.ಮೀ. ಉದ್ದದ ಮಣ್ಣುಗೋಡೆ ಇದೆ. ಅದರ ಉದ್ದಕ್ಕೂ ನೆಲಬಾಂಬುಗಳು. ಮಳೆ ಬಿದ್ದ ಕಡೆಗೆ ಒಂಟೆ ಹೊಡೆದುಕೊಂಡು ಹೋಗುವ ದಾರಿಗಳನ್ನೇ ಅದು ಕತ್ತರಿಸಿತು. ಒಂಟೆಯ ವಯಸ್ಸು, ಬಣ್ಣ, ಮೇವು, ಮೋಡ ಇವಕ್ಕೆಲ್ಲ ಸಹರಾವಿಗಳ ಆಡುನುಡಿಯಾದ ಹಸ್ಸಾನಿಯಾ ಎಂಬ ಅರಬ್ಬಿ ಬಗೆಯಲ್ಲಿ ಬೇರೆ ಬೇರೆ ಮಾತುಗಳಿವೆ. ದಾರಿ ಹೋದರೆ ಆ ಮಾತುಗಳೂ ಹೋಗುತ್ತವೆ. ಗದ್ದೆ ಬೀಳುಬಿದ್ದ ಮೇಲೆ ನಾಟಿಯ ಮಾತುಗಳು ಎಷ್ಟು ಉಳಿದಿವೆ ಎಂದು ದಕ್ಷಿಣ ಕೊಡಗಿನವರಿಗೆ ಗೊತ್ತು. ಹೆಂಗಸರು ಆಡಿನ ಕೂದಲು ನೂತು, ಪಟ್ಟಿ ಪಟ್ಟಿಯಾಗಿ ನೇಯ್ದು, ಪಕ್ಕಪಕ್ಕ ಹೊಲಿದು ಕಟ್ಟುತ್ತಿದ್ದ ಖೈಮಾ ಡೇರೆ ಶಿಬಿರದಲ್ಲಿ ಕ್ಯಾನ್ವಾಸ್ ಆಗಿದೆ. ಬಂಡೆಚಿತ್ರಗಳನ್ನೂ ಬಿಡಲಿಲ್ಲ. ಲಜುವಾದ್‌ನ ಸಾವಿರಾರು ವರ್ಷ ಹಳೆಯ ಚಿತ್ರಗಳ ಮೇಲೆ ವಿಶ್ವಸಂಸ್ಥೆಯ ಶಾಂತಿಪಾಲಕರೇ ಸ್ಪ್ರೇ ಪೇಂಟಿನಲ್ಲಿ ಹೆಸರು ಬರೆದದ್ದು 2008ರಲ್ಲಿ ಬಯಲಾಯಿತು. ಕಾಯಲು ಹೋದವರೇ ಹೀಗೆ ಮಾಡಿದ್ದು ಅಕ್ಷಮ್ಯ.

ಇನ್ನು ಕಾನೂನಿನ ತೊಡಕು. ಮೊರಾಕೊದ 2011ರ ಸಂವಿಧಾನದ 5ನೇ ವಿಧಿ ಹಸ್ಸಾನಿಯಾವನ್ನು ಉಳಿಸುವ ಭರವಸೆ ಕೊಡುತ್ತದೆ, ಆದರೆ ಏಕೀಕೃತ ಮೊರಾಕನ್ ಸಂಸ್ಕೃತಿಯ ಭಾಗವಾಗಿ. ಹಾಡು, ಆಚರಣೆ, ಕಸುಬಿನಂಥ ಅಮೂರ್ತ ಪರಂಪರೆಗಾಗಿ ಇರುವ ಯುನೆಸ್ಕೋದ 2003ರ ಒಡಂಬಡಿಕೆಯಡಿ ಒಂದು ಆಚರಣೆಯನ್ನು ಪಟ್ಟಿಗೆ ಸೇರಿಸಿ ಎಂದು ಅರ್ಜಿ ಹಾಕಲು ಸದಸ್ಯ ರಾಷ್ಟ್ರಗಳಿಗೆ ಮಾತ್ರ ಅವಕಾಶ. ಸಹರಾವಿಗಳು ತಾವೇ ಘೋಷಿಸಿಕೊಂಡ ಸಹರಾವಿ ಗಣರಾಜ್ಯ ಆಫ್ರಿಕನ್ ಒಕ್ಕೂಟದಲ್ಲಿದೆ, ಯುನೆಸ್ಕೋದಲ್ಲಿಲ್ಲ. ಹಾಗಾಗಿ ಅವರ ಡೇರೆ, ಹಾಡು ಯಾವುದೇ ಇರಲಿ, ಇನ್ನೊಬ್ಬರ ಹೆಸರಿನಲ್ಲೇ ಪಟ್ಟಿ ಸೇರಬೇಕು. ಸಂಬಂಧಪಟ್ಟ ಸಮುದಾಯ ಮುಂಚಿತವಾಗಿ, ತಿಳಿದು, ಒತ್ತಡವಿಲ್ಲದೆ ಒಪ್ಪಿರಬೇಕು ಎಂಬ ನಿಯಮವೇನೋ ಇದೆ. ಆದರೆ ಗೋಡೆಯ ಆಚೆಗಿರುವ ಅರ್ಧ ಸಮುದಾಯವನ್ನು ಕೇಳದೆ ತಂದ ಒಪ್ಪಿಗೆ ಪತ್ರವನ್ನು ಇಡೀ ಜನರ ಒಪ್ಪಿಗೆ ಎನ್ನಲಾಗದು. ನಮ್ಮ ತಕರಾರು ಮುಖ್ಯವಾಗಿ ಇದೇ.

ದಾಖಲಾತಿ ಇದಕ್ಕಾಗಿ ಕಾಯಬೇಕಿಲ್ಲ. 1924ರಲ್ಲೇ ಕೊಡವ ಹಾಡು, ಪದ್ಧತಿಗಳ ಸಂಗ್ರಹ ‘ಪಟ್ಟೋಲೆ ಪಳಮೆ’ ಅಚ್ಚಾದದ್ದರಿಂದ ಕೊಡಗಿನ ಹಾಡುಗಳಿಗೆ ಒಂದು ಆಧಾರ ಸಿಕ್ಕಿತು. ಸಹರಾವಿಗಳಿಗೆ ನೆರವಾಗಬಯಸುವ ಇಲ್ಲಿನ ವಿದ್ಯಾರ್ಥಿಗಳು, ಸಂಶೋಧಕರು ಕೆಲವು ವಿಷಯ ಗಮನಿಸಬೇಕು. ಧ್ವನಿಯನ್ನು 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಿನಲ್ಲೇ ಹಿಡಿಯಿರಿ. ಒಂದು ಗಂಟೆಯ ಮೋನೋ ಧ್ವನಿಗೆ ಅರ್ಧ ಜಿಬಿ ಜಾಗ ಸಾಕು. ವಾಟ್ಸಾಪಿನಲ್ಲಿ ಕಳಿಸಿದರೆ ಧ್ವನಿ ಕುಗ್ಗಿಹೋಗುತ್ತದೆ, ಟ್ಬಲ್ ಎಂಬ ಮರದ ಬೋಗುಣಿಯ ಚರ್ಮವಾದ್ಯದ ತಗ್ಗು ನಾದಕ್ಕೆ ಪೆಟ್ಟು. ಡೇರೆಯೊಳಗೆ ಬಟ್ಟೆ ಪಟಪಟಿಸುವುದರಿಂದ ಮೈಕಿಗೆ ರೋಮದ ಹೊದಿಕೆ ಬೇಕು. ಮೊದಲ ನಿಮಿಷದಲ್ಲೇ ದಿನಾಂಕ, ಸ್ಥಳ, ಎಲ್ಲಿ ಬಳಸಬಹುದು ಎಲ್ಲಿ ಕೂಡದು ಎಂಬುದನ್ನು ಹಾಡುವವರ ಬಾಯಲ್ಲೇ ಹೇಳಿಸಿ. ಧ್ವನಿಯ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಂಗ್ರಹ ಸಾಧನಗಳಲ್ಲಿರಲಿ, ಒಂದು ಪ್ರತಿ ಶಿಬಿರದ ಹೊರಗಿರಲಿ. 2015ರ ಅಕ್ಟೋಬರ್ ನೆರೆಗೆ ಶಿಬಿರದ ಮಣ್ಣಿನ ಮನೆಗಳು ಕರಗಿಹೋದವು. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಕ್ಯಾಸೆಟ್ಟಿಗೆ ಮಳೆಗಾಲದ ಬೂಷ್ಟು ಶತ್ರುವಾದರೆ, ಅಲ್ಲಿ ಹಾರ್ಡ್ ಡಿಸ್ಕಿಗೆ ತಗಡಿನ ಪೆಟ್ಟಿಗೆಯ ಕಾವು ಮತ್ತು ದೂಳು.

ಬರೆದಿಡುವಾಗ ಆಗುವ ತಪ್ಪು ಇನ್ನೂ ದೊಡ್ಡದು. ಹಸ್ಸಾನಿಯಾದ ‘ಗ’ ಮತ್ತು ‘ವ’ಗೆ ಹತ್ತಿರದ ಧ್ವನಿಗಳಿಗೆ ಶಿಷ್ಟ ಅರಬ್ಬಿ ಲಿಪಿಯಲ್ಲಿ ಅಕ್ಷರವಿಲ್ಲ. ಶಾಲೆಯಲ್ಲಿ ಅರಬ್ಬಿ ಕಲಿತವರು ‘ತಿದ್ದಿ’ ಬರೆದರೆ ಮೂಲ ಮಾತು ಹಾಗೆಯೇ ಮಾಯ. ಕೊಡವ ತಕ್ಕ್‌ನ ಸ್ವರಗಳು ಕನ್ನಡ ಲಿಪಿಯಲ್ಲಿ ಕೂರದಂತೆಯೇ ಇದು. ಉಚ್ಚಾರಣೆಗೆ ಒಂದು ಸಾಲು ಬೇರೆಯಾಗಿ ಬರೆಯಲೇಬೇಕು. ಎರಡೇ ಸಾಲಿನ ‘ತೆಬ್ರಾ’ ಪದಗಳು ಹೆಂಗಸರು ಹೆಂಗಸರ ನಡುವೆಯಷ್ಟೇ, ಹೆಸರು ಹೇಳದೆ ಹಾಡಿಕೊಳ್ಳುವ ಪ್ರೇಮಪದಗಳು. ಅವನ್ನು ಯೂಟ್ಯೂಬಿಗೆ ಹಾಕುವುದು ಉಳಿಸುವ ಕೆಲಸವಲ್ಲ, ನಂಬಿಕೆದ್ರೋಹ.

ಹಕ್ಕು ಉಲ್ಲಂಘನೆಯಾದರೆ ದೂರು ಹೇಳಲೂ ದಾರಿ ಇದೆ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಪ್ರತಿ ದೇಶವನ್ನೂ ಸರದಿಯಂತೆ ಪರಾಮರ್ಶಿಸುವಾಗ ಸಂಘಸಂಸ್ಥೆಗಳು ವರದಿ ಕೊಡಬಹುದು. ಒಂದೇ ಸಂಸ್ಥೆಯಾದರೆ 2,815 ಪದ, ಒಟ್ಟಾಗಿ ಕೊಟ್ಟರೆ 5,630 ಪದದ ಮಿತಿ. ಘಟನೆ, ದಿನ, ಜಾಗ ಇಲ್ಲದ ಬರಿಯ ಆಕ್ರೋಶಕ್ಕೆ ಅಲ್ಲಿ ಬೆಲೆಯಿಲ್ಲ.

ಭಾರತ 1985ರಲ್ಲಿ ಸಹರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟು 2000ದಲ್ಲಿ ಹಿಂತೆಗೆದುಕೊಂಡಿತು. ಸಾಂಸ್ಕೃತಿಕ ಹಕ್ಕಿಗೆ ಆ ಮಾನ್ಯತೆ ಬೇಕಿಲ್ಲ. ಸಾಂಸ್ಕೃತಿಕ ಬದುಕಿನ ಹಕ್ಕನ್ನು 15ನೇ ವಿಧಿಯಲ್ಲಿ ಹೇಳುವ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ, ಮೊರಾಕೊ ಎರಡೂ 1979ರಲ್ಲಿ ಒಪ್ಪಿಕೊಂಡಿವೆ. ಯುನೆಸ್ಕೋದ ಅಮೂರ್ತ ಪರಂಪರೆ ಸಮಿತಿಗೆ ಭಾರತ 2022–2026ರ ಅವಧಿಗೆ ಆಯ್ಕೆಯಾದ ದೇಶ. ಆ ಪ್ರದೇಶದ ಯಾವುದೇ ಅರ್ಜಿ ಬಂದಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಗೋಡೆಯ ಯಾವ ಬದಿಯವರು ಎಂದು ನಮ್ಮ ಪ್ರತಿನಿಧಿ ಕೇಳಲಿ. ಸರ್ಕಾರದ ನಿಲುವೇನೆಂದು ಮೈಸೂರು–ಕೊಡಗು ಸಂಸದರು ಲೋಕಸಭೆಯಲ್ಲಿ ಲಿಖಿತ ಉತ್ತರದ ಪ್ರಶ್ನೆ ಹಾಕಬಹುದು. ಹದಿನೈದು ದಿನ ಮುಂಚೆ ನೋಟಿಸ್ ಕೊಟ್ಟರೆ ಸಾಕು.

– ಜಾನಪದ ದಾಖಲಾತಿಯಲ್ಲಿ ತೊಡಗಿರುವ ಗೆಳೆಯರು, ಮಡಿಕೇರಿ