ಚಿತ್ರದ ಜೊತೆ ಸಂಗೀತವೂ ಕೇಳಿಸಲಿ

ಮಾನ್ಯರೇ,

ಸಂಗೀತವನ್ನೇ ಕುರಿತ ಚಿತ್ರ ಪ್ರದರ್ಶನದಲ್ಲಿ ಆ ಸಂಗೀತವೇ ಕೇಳಲು ಸಿಗದಿದ್ದರೆ ನೋಡುಗರಿಗೆ ಅರ್ಧ ಮಾತ್ರ ದಕ್ಕುತ್ತದೆ. ರೆಕ್ವಿಯಂ, ಅಂದರೆ ತೀರಿಕೊಂಡವರಿಗಾಗಿ ಕ್ರೈಸ್ತರು ಹಾಡುವ ಪ್ರಾರ್ಥನಾ ಸಂಗೀತವನ್ನು ಬಣ್ಣಕ್ಕಿಳಿಸಿದ ಕಲಾವಿದರೊಬ್ಬರ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿ, ಧಾರವಾಡದ ಆ ಪ್ರದರ್ಶನಕ್ಕೆ ಹೋಗಿದ್ದೆ.

ಒಂದು ಚಿತ್ರದಲ್ಲಿ ಮೇಲಿನ ಅಂಚಿಗಷ್ಟೇ ಬೂದು ಬಣ್ಣ, ಕೆಳಗೆಲ್ಲ ಬರೀ ಕ್ಯಾನ್ವಾಸ್. ‘ಇದಿನ್ನೂ ಮುಗಿದಿಲ್ಲೇನ್ರಿ?’ ಎಂದು ಪಕ್ಕದಲ್ಲಿದ್ದವರು ಕೇಳಿದರು. ಕೇಳಿದ್ದು ಸರಿಯೇ ಇತ್ತು. ಆ ಚಿತ್ರ ಆಸ್ಟ್ರಿಯಾದ ಸಂಗೀತ ರಚನೆಕಾರ ಮೊಜಾರ್ಟ್ ಅವರ ರೆಕ್ವಿಯಂ ಕುರಿತದ್ದು. 1791ರಲ್ಲಿ ಅವರು ತೀರಿಕೊಂಡಾಗ ಆ ರಚನೆ ಅರ್ಧಕ್ಕೇ ನಿಂತಿತ್ತು. ಅದರ ‘ಲ್ಯಾಕ್ರಿಮೋಸಾ’ ಭಾಗದಲ್ಲಿ ಅವರು ಬರೆದದ್ದು ಶುರುವಿನ ತುಸು ಮಾತ್ರ, ಉಳಿದದ್ದನ್ನು ಬೇರೆಯವರು ಪೂರ್ತಿ ಮಾಡಿದರು. ಅದನ್ನೊಮ್ಮೆ ಕೇಳಿಸಿ, ಇಷ್ಟು ಹೇಳಿದ್ದರೆ ಸಾಕಿತ್ತು ಅಲ್ವಾ? ಇನ್ನೊಂದರಲ್ಲಿ ಕಪ್ಪಿನ ಮೇಲೆ ದಪ್ಪ ಕೆಂಪು ಗೆರೆಗಳು. ಇಟಲಿಯ ಸಂಗೀತ ರಚನೆಕಾರ ವೆರ್ಡಿಯ 1874ರ ರೆಕ್ವಿಯಂನಲ್ಲಿ ದೊಡ್ಡ ಡ್ರಮ್ಮಿನ ಪೆಟ್ಟು ಕೇಳಿದವರಿಗೆ ಅದು ಹೊಳೆದೀತು. ಉಳಿದವರಿಗೆ ಸುಮ್ನೆ ಬಣ್ಣ ಚೆಲ್ಲಿದ ಹಾಗೆ ಕಾಣುತ್ತದೆ.

ನಮಗಿದು ತೀರಾ ಪರಕೀಯವೂ ಅಲ್ಲ. ನಮ್ಮ ಕಡೆ ಸತ್ತವರ ಮನೆಮುಂದೆ ರಾತ್ರಿಯಿಡೀ ಭಜನೆ ನಡೆಯುತ್ತದೆ, ತತ್ವಪದ ಹಾಡುತ್ತಾರೆ. ದಮ್ಮಡಿ, ತಾಳದ ಸದ್ದಿಗೆ ಪಳಗಿದ ಕಿವಿಗೆ ರೆಕ್ವಿಯಂ ದಕ್ಕದೇ ಇರದು.

ಪ್ರದರ್ಶನ ಮುಂದೆ ಹುಬ್ಬಳ್ಳಿಗೂ ಬರಲಿದೆಯಂತೆ. ಆಗ ಪ್ರತಿ ಚಿತ್ರದ ಪಕ್ಕ ಒಂದು ಹೆಡ್‌ಫೋನ್, ಕನ್ನಡದಲ್ಲಿ ನಾಲ್ಕು ಸಾಲಿನ ವಿವರ ಇಡಲಿ. ಒಂದು ಸಂಜೆ ಚರ್ಚಿನ ಹಾಡುಗಾರರನ್ನೂ ಊರಿನ ಭಜನಾ ಮಂಡಳಿಯವರನ್ನೂ ಕರೆಸಿ ಚಿತ್ರಗಳ ನಡುವೆಯೇ ಹಾಡಿಸಲಿ. ಖರ್ಚು ಜಾಸ್ತಿ ಆಗಲಾರದು.

– ಓದುಗರೊಬ್ಬರು, ಧಾರವಾಡ