ಗೈಡ್ ಬಿಡಿ, ಕಾದಂಬರಿ ಓದಿಸಿ

ಮಾನ್ಯರೇ,

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಗ್ಗೆ ತರಗತಿಯಲ್ಲಿ ಚರ್ಚೆ ಇಟ್ಟಿದ್ದೆವು. ಜಾಸ್ತಿ ಮಕ್ಕಳು ಗೈಡಿನ ಮೂರು ಪುಟದ ಸಾರಾಂಶ ಓದಿಕೊಂಡು ಬಂದಿದ್ದರು. ಎಲ್ಲರದ್ದೂ ಒಂದೇ ಮಾತು, ಒಂದೇ ವಾಕ್ಯ. ಹತ್ತು ನಿಮಿಷಕ್ಕೆ ಚರ್ಚೆ ಮುಗಿಯಿತು.

ಮುಂದಿನ ವಾರ ಬೇರೆ ಥರ ಮಾಡಿದೆ. ಮನೆ ಬಿಟ್ಟು ಓಡಿಹೋಗುವ ಪ್ರೇಮಿಗಳಾದ ಗುತ್ತಿ ಮತ್ತು ತಿಮ್ಮಿ ತುಂಬಿದ ತುಂಗೆಯನ್ನು ದಾಟುವ ಭಾಗವನ್ನಷ್ಟೇ ಕೊಟ್ಟು, ಅರ್ಥವಾಗದ ಮಲೆನಾಡಿನ ಮಾತುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಮನಸ್ಸಿಗೆ ಬಂದ ಒಂದು ಪ್ರಶ್ನೆ ಬರೆದುಕೊಂಡು ಬನ್ನಿ ಎಂದೆ. ಮಂಡ್ಯ ಕಡೆಯ ಒಬ್ಬ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಎದ್ದು ನಿಂತು, ‘ಮೇಡಂ, ಹುಲಿಯ ಯಾಕೆ ಸಾಯಬೇಕಿತ್ತು?’ ಎಂದಳು. ಹುಲಿಯ ಅಂದರೆ ಗುತ್ತಿಯ ನಾಯಿ. ಆಮೇಲೆ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಗುತ್ತಿಗೆ ಎಂಥ ಸಂಕಟ ಆಗಿರಬೇಕು, ಓಡಿಹೋಗದೆ ಅವರಿಗೆ ಬೇರೆ ದಾರಿ ಇತ್ತಾ, ಜಾತಿ ಬಡತನ ಎಲ್ಲ ಮಾತಿಗೆ ಬಂತು. ಇದೇ ಅಲ್ವಾ ಚರ್ಚೆ?

1967ರಲ್ಲಿ ಬಂದ ಈ ಕಾದಂಬರಿ ದೊಡ್ಡದು, ನಿಜ. ಒಂದೇ ವಾರದಲ್ಲಿ ಓದಿ ಮುಗಿಸಿ ಅಂದರೆ ಮಕ್ಕಳು ಗೈಡ್ ಹುಡುಕದೆ ಏನು ಮಾಡುತ್ತಾರೆ? ಒಂದು ಇಡೀ ಸೆಮಿಸ್ಟರ್ ಕೊಡಿ. ವಾರಕ್ಕೊಂದು ಗಂಟೆ ತರಗತಿಯಲ್ಲೇ ಗಟ್ಟಿಯಾಗಿ ಓದಿಸಿ. ಕುವೆಂಪು ಬದುಕಿದ, ಪಾಠ ಮಾಡಿದ ಊರು ಇದು. ನಮ್ಮ ಗ್ರಂಥಾಲಯದಲ್ಲಿ ಇರುವುದು ಎರಡೇ ಪ್ರತಿ, ಒಂದರ ರಟ್ಟು ಕಿತ್ತುಹೋಗಿದೆ. ಕಾಲೇಜುಗಳು ದಯವಿಟ್ಟು ಹತ್ತು ಪ್ರತಿಯಾದರೂ ಕೊಳ್ಳಲಿ.

– ಕನ್ನಡ ಅಧ್ಯಾಪಕಿ, ಮೈಸೂರು